ಹಾಜರಿ ಪಟ್ಟಿ ಓದೋಣ ಬನ್ನಿ



ನೀವು ಈಗ ನಿಮ್ಮ ಹೆಸರು ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡಿನಲ್ಲಿ ಎಷ್ಟು ಜನರ ಹೆಸರು ಇದೆ ಅಂತ ಎಣಿಸುತ್ತೀರಿ. ನಮಗೆ ಬಹಳ ಸಂತೋಷ. ಇವತ್ತು ಇನ್ನೊಂದು ಕಾಗದ ಓದೋಣ. ಅದು ನಿಮ್ಮ ಬೆವರಿನ ಕಾಗದ. ಅದರ ಹೆಸರು ಹಾಜರಿ ಪಟ್ಟಿ. ಕೆಲವರು ಮಸ್ಟರ್ ರೋಲ್ ಅಂತಾರೆ.

ನಮ್ಮ ಊರಿನಲ್ಲಿ ಸರ್ಕಾರದ ಕೆಲಸ ನಡೆಯುತ್ತವೆ. ಶಾಲೆಯ ಕೋಣೆ ಕಟ್ಟುತ್ತಾರೆ. ರಸ್ತೆ ಮಾಡುತ್ತಾರೆ. ಚರಂಡಿ ತೋಡುತ್ತಾರೆ. ನೀರಿನ ಟಾಕಿ ಏಳುತ್ತದೆ. ಹಣ ಸರ್ಕಾರದ್ದು. ಮಾಡಿಸುವವರು ಗುತ್ತಿಗೆದಾರರು. ಬುಟ್ಟಿ ಹೊರುವವರು ನೀವು. ಎಷ್ಟು ದಿನ ಹೊತ್ತಿರಿ? ಎಷ್ಟು ಪಗಾರ ಬರಬೇಕು? ಅದನ್ನು ಹೇಳುವುದು ಹಾಜರಿ ಪಟ್ಟಿ. ಅದರಲ್ಲಿ ಬರೆದರೆ ಉಂಟು. ಬರೆಯದಿದ್ದರೆ ನೀವು ಹೊತ್ತ ಬುಟ್ಟಿಗೆ ಸಾಕ್ಷಿ ಇಲ್ಲ.

ಗೋಡೆಯ ಮೇಲಿನ ಗೆರೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ನಮಗಿಂತ ಹಿರಿಯರು. ನಾವು ಅವರನ್ನು ದೊಡ್ಡಕ್ಕ ಅಂತ ಕರೆಯುತ್ತಿದ್ದೆವು. ಅವರು ನಮ್ಮನ್ನು "ಅಕ್ಕಾರ" ಅನ್ನುತ್ತಿದ್ದರು. ಹಗಲು ಗುತ್ತಿಗೆದಾರರ ಕೆಲಸ, ರಾತ್ರಿ ಪಾಠ.

ಅಕ್ಷರ ಬರುವ ಮೊದಲು ದೊಡ್ಡಕ್ಕ ಇದ್ದಿಲಿನಿಂದ ಲೆಕ್ಕ ಇಡುತ್ತಿದ್ದರು. ಒಂದು ದಿನದ ಕೆಲಸಕ್ಕೆ ಗೋಡೆಯ ಮೇಲೆ ಒಂದು ಗೆರೆ. ಒಂದು ಸಲ ಬಟವಾಡೆಗೆ ಮೊದಲೇ ಯುಗಾದಿ ಬಂತು. ಸೊಸೆ ಮನೆಗೆ ಸುಣ್ಣ ಬಳಿದಳು. ಗೆರೆ ಎಲ್ಲ ಹೋಯಿತು. ಮುಕಾದಮ ಹೇಳಿದ್ದೇ ಲೆಕ್ಕ ಆಯಿತು. ದೊಡ್ಡಕ್ಕ ಹೆಬ್ಬೆಟ್ಟು ಒತ್ತಿ, ಕೊಟ್ಟಷ್ಟು ತಗೊಂಡು ಬಂದರು.

"ಗ್ವಾಡಿ ಮ್ಯಾಲ ಬರದ್ರ ಸುಣ್ಣ ತಿಂತೈತ್ರಿ ಅಕ್ಕಾರ. ಪುಸ್ತಕದಾಗ ಬರಿಯೋದು ಕಲಸ್ರಿ," ಅಂದರು.

ನಾವು ಕಲಿಸಿದೆವು. ಮೊದಲು ಅಂಕಿ. ಆಮೇಲೆ ವಾರದ ಹೆಸರು. ಆಮೇಲೆ ಅವರ ಹೆಸರು. ಒಂದು ಚಿಕ್ಕ ನೋಟ್‌ಬುಕ್ ತಂದು ಸೆರಗಿನಲ್ಲಿ ಕಟ್ಟಿಕೊಂಡರು. ದಿನಾ ಸಂಜೆ ಬರೆಯುತ್ತಿದ್ದರು. ತಾರೀಖು, ವಾರ, ಏನು ಕೆಲಸ. ಅಷ್ಟೇ.

ಮುಂದಿನ ಬಟವಾಡೆಯ ದಿನ ನಾವೂ ಅಲ್ಲಿಗೆ ಹೋಗಿದ್ದೆವು. ಶಾಲೆಯ ಹೊಸ ಕೋಣೆಯ ಮುಂದೆ ಪಾಳಿ ನಿಂತಿತ್ತು. ಮುಕಾದಮ ಪಟ್ಟಿ ಹಿಡಿದು ಕೂತಿದ್ದ.

"ಹೆಬ್ಬೆಟ್ಟು ಒತ್ತಬೇ," ಅಂದ.

"ಹೆಬ್ಬೆಟ್ಟು ಬ್ಯಾಡ್ರಿ. ಸಹಿ ಮಾಡ್ತೀನಿ. ಮೊದಲ ಓದ್ತೀನಿ."

"ಓದಿ ಏನ್ ಮಾಡ್ತಿ? ಹಿಂದ ಪಾಳಿ ಐತಿ. ಲಗೂನ ಮಾಡು."

"ಪಾಳಿಯಾಗ ಇದ್ದೋರೂ ಓದ್ತಾರ್ರಿ. ಒಂದೀಟು ತಡೀರಿ."

ದೊಡ್ಡಕ್ಕ ಬೆರಳಿಟ್ಟು ತಮ್ಮ ಹೆಸರು ಹುಡುಕಿದರು. ಹೆಸರು ಸಿಕ್ಕಿತು. ಸಾಲಿನ ಕೊನೆಗೆ 9 ಅಂತ ಇತ್ತು.

"ನಂದು ಹನ್ನೊಂದು ದಿನ ಆಗೈತ್ರಿ. ಇಲ್ಲಿ ಒಂಬತ್ತು ಐತಿ," ಅಂದರು. ಸೆರಗಿನಿಂದ ನೋಟ್‌ಬುಕ್ ತೆಗೆದರು. ಒಂದೊಂದೇ ತಾರೀಖು ಓದಿದರು. "ಹದಿನಾಲ್ಕನೇ ತಾರೀಖು ನಾನು ಹಿಂದಿನ ಗ್ವಾಡಿಗೆ ನೀರು ಹೊಡದೀನಿ. ಅವತ್ತ ನೀವು ಆ ಕಡಿ ಬಂದೇ ಇಲ್ಲ. ಇಪ್ಪತ್ತಕ್ಕ ಖಡಿ ಹೊತ್ತೀನಿ. ಅದನ್ನ ನೋಡ್ರಿ, ಕೆಳಗಿನ ಸಾಲಿನ್ಯಾಗ ಬರದೀರಿ."

ಎರಡು ದಿನವೂ ಪಟ್ಟಿಯಲ್ಲಿ ಸಿಕ್ಕಿಬಿದ್ದವು. ಒಂದು ದಿನ ಬರೆದೇ ಇರಲಿಲ್ಲ. ಇನ್ನೊಂದು ದಿನ ಬೇರೆ ಹೆಸರಿನ ಮುಂದೆ ಇತ್ತು. ಮರೆತದ್ದು ಇರಬಹುದು. ಬೇಕಂತ ಬಿಟ್ಟದ್ದು ಇರಬಹುದು. ನಮಗೆ ಗೊತ್ತಿಲ್ಲ. ಓದದೇ ಇದ್ದರೆ ಎರಡೂ ಒಂದೇ.

ಆ ಕೆಳಗಿನ ಸಾಲನ್ನು ಹಿಂದೆ ನಿಂತಿದ್ದ ಇನ್ನೊಬ್ಬ ತಂಗಿ ಓದಿದಳು. ಓದಿ ಸುಮ್ಮನಾದಳು. ಆ ಹೆಸರಿನಾಕೆ ಎರಡು ತಿಂಗಳ ಹಿಂದೆಯೇ ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು. ಪಟ್ಟಿಯಲ್ಲಿ ಅವಳದು ಆರು ದಿನ ಹಾಜರಿ ಇತ್ತು. ಪಕ್ಕದಲ್ಲಿ ಒಂದು ಹೆಬ್ಬೆಟ್ಟೂ ಇತ್ತು.

ಆ ಹೆಬ್ಬೆಟ್ಟು ಯಾರದು? ಯಾರೂ ಉತ್ತರ ಹೇಳಲಿಲ್ಲ.

ಮೂರನೇ ದಿನ ಎಂಜಿನಿಯರರು ಬಂದರು. ದೊಡ್ಡಕ್ಕನ ಎರಡು ದಿನದ ಪಗಾರ ಸಿಕ್ಕಿತು. ಊರಿನಲ್ಲಿ ಇಲ್ಲದವಳ ಸಾಲಿಗೆ ಗೆರೆ ಎಳೆದರು. ಕಥೆ ಇಲ್ಲಿಗೆ ಮುಗಿಯಲಿಲ್ಲ. ಮರುದಿನ ಮುಕಾದಮ ದೊಡ್ಡಕ್ಕನಿಗೆ "ನಿನಗ ಕೆಲಸ ಇಲ್ಲ" ಅಂದ.

ಆ ಮಾತು ಕೇಳಿ ನಮಗೆ ಕೈಕಾಲು ಆಡಲಿಲ್ಲ. ಅಕ್ಷರ ಕಲಿಸಿ ಅವರ ಅನ್ನಕ್ಕೆ ಕಲ್ಲು ಹಾಕಿದೆವಾ ಅಂತ ಹೆದರಿದೆವು. ಆದರೆ ಜೊತೆಯವರು ಹೆದರಲಿಲ್ಲ. ಅವರು ಹದಿಮೂರು ಮಂದಿ ಉಸುಕಿನ ಗುಡ್ಡೆಯ ಹತ್ತಿರ ಬುಟ್ಟಿ ಬೋರಲು ಹಾಕಿ ಕೂತರು. "ಆಕಿ ಬಂದ್ರ ನಾವು ಏಳ್ತೀವಿ," ಅಂದರು. ಮಧ್ಯಾಹ್ನದ ಹೊತ್ತಿಗೆ ದೊಡ್ಡಕ್ಕನಿಗೆ ಕರೆ ಬಂತು.

ಒಬ್ಬರೇ ಓದಿದರೆ ಜಗಳಗಂಟಿ ಅಂತಾರೆ. ಎಲ್ಲರೂ ಓದಿದರೆ ಲೆಕ್ಕ ಅಂತಾರೆ. ಇದನ್ನು ನಾವು ಅವರಿಂದ ಕಲಿತೆವು.

ಪಟ್ಟಿಯಲ್ಲಿ ಏನೇನು ಇರುತ್ತದೆ?

ಪಟ್ಟಿ ದೊಡ್ಡದು. ಮನೆಗಳು ಬಹಳ. ಹೆದರಬೇಡಿ. ನೀವು ನೋಡಬೇಕಾದ ಮನೆ ಏಳೇ ಏಳು.

1. ನಿಮ್ಮ ಹೆಸರು. ಅಪ್ಪನ ಅಥವಾ ಗಂಡನ ಹೆಸರೂ ಸರಿ ಇದೆಯಾ ನೋಡಿ. ಒಂದೇ ಹೆಸರಿನವರು ಇಬ್ಬರು ಇದ್ದರೆ ಲೆಕ್ಕ ಅದಲುಬದಲು ಆಗುತ್ತದೆ.

2. ತಾರೀಖು. ಬಂದ ದಿನಕ್ಕೆ ಒಂದು ಗುರುತು ಇರುತ್ತದೆ. ಕೆಲವರು ಇಂಗ್ಲಿಷಿನ 'ಪಿ' ಬರೆಯುತ್ತಾರೆ. ಅಂದರೆ ಹಾಜರ್. 'ಎ' ಅಂದರೆ ಗೈರು, ನಾಗಾ.

3. ಒಟ್ಟು ದಿನ. ಗುರುತುಗಳನ್ನು ನೀವೇ ಎಣಿಸಿ. ಅವರು ಬರೆದ ಅಂಕಿ ಸರಿ ಬರಬೇಕು.

4. ದಿನಗೂಲಿ. ಒಂದು ದಿನಕ್ಕೆ ಎಷ್ಟು ರೂಪಾಯಿ.

5. ಹೆಚ್ಚಿನ ಹೊತ್ತು. ಸ್ಲ್ಯಾಬ್ ಹಾಕುವ ದಿನ ಕತ್ತಲಾಗುವ ತನಕ ಕೆಲಸ ಇರುತ್ತದೆ. ಗೊತ್ತು ಮಾಡಿದ ಹೊತ್ತಿಗಿಂತ ಹೆಚ್ಚು ದುಡಿದರೆ, ಆ ಹೊತ್ತಿಗೆ ಎರಡು ಪಟ್ಟು ಕೂಲಿ ಬರಬೇಕು.

6. ಕಡಿತ. ಉಚಲು, ಅಂದರೆ ಮುಂಗಡ ತಗೊಂಡಿದ್ದರೆ ಅದನ್ನು ಮುರಿಯುತ್ತಾರೆ. ಯಾವುದಕ್ಕೆ ಮುರಿದರು ಅಂತ ಬರೆದಿರಬೇಕು.

7. ಕೈಗೆ ಬರುವ ಹಣ, ಪಕ್ಕದಲ್ಲಿ ಸಹಿ. ಇದು ಕೊನೆಯ ಮನೆ. ಮೊದಲಿನ ಆರು ಓದಿದ ಮೇಲೆ ಇಲ್ಲಿಗೆ ಬನ್ನಿ.

ಖಾಲಿ ಪಟ್ಟಿಗೆ ಸಹಿ ಬೇಡ. ಖಾಲಿ ಪಟ್ಟಿಗೆ ಹೆಬ್ಬೆಟ್ಟೂ ಬೇಡ. ಖಾಲಿ ಮನೆಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ತುಂಬಬಹುದು.

ಲೆಕ್ಕ ಮಾಡೋಣ

ಲೆಕ್ಕ ಸುಲಭ ಆಗಲಿ ಅಂತ ದಿನಗೂಲಿ 500 ರೂಪಾಯಿ ಇಟ್ಟುಕೊಳ್ಳೋಣ. ಉಚಲು 600 ರೂಪಾಯಿ.

ಕೆಲಸ ಮಾಡಿದ ದಿನ 11. ಹನ್ನೊಂದು ಐದು ನೂರಲೆ 5,500 ರೂಪಾಯಿ. ಉಚಲು ಕಳೆದರೆ 4,900 ರೂಪಾಯಿ ಕೈಗೆ ಬರಬೇಕು.

ಪಟ್ಟಿಯಲ್ಲಿ ಬರೆದ ದಿನ 9. ಒಂಬತ್ತು ಐದು ನೂರಲೆ 4,500 ರೂಪಾಯಿ. ಉಚಲು ಕಳೆದರೆ 3,900 ರೂಪಾಯಿ.

ಎಷ್ಟು ಹೋಯಿತು? 1,000 ರೂಪಾಯಿ. ಎರಡು ಸಣ್ಣ ಗುರುತು ಬಿಟ್ಟದ್ದಕ್ಕೆ ಸಾವಿರ ರೂಪಾಯಿ ಹೋಯಿತು. ಅದರಲ್ಲಿ ಮನೆಗೆ ಏನೇನು ಬರುತ್ತಿತ್ತು? ನೀವೇ ಹೇಳಿ.

500 ಅನ್ನುವುದು ಪಾಠದ ಲೆಕ್ಕ ಮಾತ್ರ. ನಿಮ್ಮ ಕೆಲಸಕ್ಕೆ ಸರ್ಕಾರ ಕನಿಷ್ಠ ಕೂಲಿ ಗೊತ್ತು ಮಾಡಿರುತ್ತದೆ. ಅದು ಕೆಲಸದಿಂದ ಕೆಲಸಕ್ಕೆ ಬೇರೆ. ಆಗಾಗ ಹೆಚ್ಚುತ್ತದೆ. ಈಗಿನ ದರ ಎಷ್ಟು ಅಂತ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

"ಬಿಲ್ ಆಗಿಲ್ಲ" ಅಂದರೆ?

ಗುತ್ತಿಗೆದಾರರು ಮಾಡಿಸಿದ ಕೆಲಸವನ್ನು ಎಂಜಿನಿಯರರು ಅಳೆಯುತ್ತಾರೆ. ಗೋಡೆ ಎಷ್ಟು ಎತ್ತರ, ರಸ್ತೆ ಎಷ್ಟು ಉದ್ದ ಅಂತ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಅದನ್ನು ನೋಡಿ ಬಿಲ್ ಮಾಡುತ್ತಾರೆ. ಬಿಲ್ಲಿನ ಹಣ ಗುತ್ತಿಗೆದಾರರಿಗೆ ಹೋಗುತ್ತದೆ. ಇದು ಒಂದು ದಾರಿ.

ನಿಮ್ಮ ಪಗಾರದ್ದು ಬೇರೆ ದಾರಿ. ಅದು ಹಾಜರಿ ಪಟ್ಟಿಯಿಂದ ಹೊರಡುತ್ತದೆ. ಪಗಾರ ಪುಸ್ತಕಕ್ಕೆ ಹೋಗುತ್ತದೆ. ಅಲ್ಲಿಂದ ನಿಮ್ಮ ಕೈಗೆ ಅಥವಾ ಬ್ಯಾಂಕಿಗೆ ಬರುತ್ತದೆ. ಬಿಲ್ ತಡ ಆದರೆ ಅದು ಗುತ್ತಿಗೆದಾರರಿಗೂ ಇಲಾಖೆಗೂ ಇರುವ ವ್ಯವಹಾರ. ನಿಮ್ಮ ಪಗಾರ ಅದಕ್ಕೆ ಕಾಯಬೇಕಾಗಿಲ್ಲ.

ಈಗ ಬಹಳ ಕಡೆ ಪಗಾರ ಬ್ಯಾಂಕಿಗೆ ಬರುತ್ತದೆ. ಆಗಲೂ ಪಟ್ಟಿ ಓದಬೇಕು. ಪಟ್ಟಿ ತಪ್ಪಿದರೆ ಬ್ಯಾಂಕಿಗೆ ಬರುವ ಹಣವೂ ತಪ್ಪುತ್ತದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ. ನೋಟ್‌ಬುಕ್ಕಿನ ಲೆಕ್ಕದ ಪಕ್ಕ ಇಟ್ಟು ನೋಡಿ. ಪಾಸ್‌ಬುಕ್, ಎ.ಟಿ.ಎಂ. ಕಾರ್ಡು ನಿಮ್ಮ ಟ್ರಂಕಿನಲ್ಲೇ ಇರಲಿ. ಮುಕಾದಮನ ಕೈಯಲ್ಲಿ ಬೇಡ.

ದಿಲ್ಲಿಯಲ್ಲಿ ನಡೆದದ್ದು

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಮೈದಾನ, ಸೇತುವೆ, ಕಟ್ಟಡ ಕಟ್ಟಿದರು. ಬೇರೆ ಬೇರೆ ರಾಜ್ಯಗಳಿಂದ ಸಾವಿರಾರು ಬಡವರು ಕೂಲಿಗೆ ಹೋದರು. ಆಗ ಅಲ್ಲಿಯ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಹಣವನ್ನು ಜಮಾದಾರರ ಕೈಗೆ ಕೊಟ್ಟರು. ಜಮಾದಾರರು ಒಬ್ಬೊಬ್ಬರಿಂದ ದಿನಕ್ಕೆ 1 ರೂಪಾಯಿ ಮುರಿದುಕೊಂಡರು. ಕೂಲಿಯವರಿಗೆ ಸಿಕ್ಕಿದ್ದು 8 ರೂಪಾಯಿ 25 ಪೈಸೆ. ಹೆಂಗಸರಿಗೆ 7 ರೂಪಾಯಿ ಮಾತ್ರ ಕೊಡುತ್ತಿದ್ದಾರೆ ಅಂತ ದೂರು ಇತ್ತು.

ಲೆಕ್ಕ ಹಾಕಿ ನೋಡ್ರಿ. ಹೆಂಗಸಿಗೆ ದಿನಕ್ಕೆ 2 ರೂಪಾಯಿ 25 ಪೈಸೆ ಹೋಯಿತು. ತಿಂಗಳಿಗೆ 26 ದಿನ ದುಡಿದರೆ 58 ರೂಪಾಯಿ 50 ಪೈಸೆ. ಅಂದರೆ ಎಂಟು ದಿನಕ್ಕಿಂತ ಹೆಚ್ಚಿನ ಕೂಲಿ.

ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1982ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಬಲವಂತದ ದುಡಿಮೆ ಅಂತ ಕೋರ್ಟು ಹೇಳಿತು. ಸಂವಿಧಾನದ 23ನೇ ವಿಧಿ ಅದನ್ನು ತಡೆಯುತ್ತದೆ. ಗುತ್ತಿಗೆದಾರರು ಮಾಡಿದ್ದು ನಮಗೆ ಸಂಬಂಧವಿಲ್ಲ ಅಂತ ಕೆಲಸ ಮಾಡಿಸಿದ ಸರ್ಕಾರ ಕೈ ತೊಳೆದುಕೊಳ್ಳುವ ಹಾಗಿಲ್ಲ ಅಂತಲೂ ಹೇಳಿತು.

ರಾಜಸ್ಥಾನದಲ್ಲಿ ಪಟ್ಟಿ ಓದಿದರು

ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಅನ್ನುವ ಸಂಘ ಇದೆ. 1994ರ ಡಿಸೆಂಬರಿನಲ್ಲಿ ಅವರು ಊರಿನ ಜನರನ್ನೆಲ್ಲ ಸೇರಿಸಿದರು. ಸರ್ಕಾರಿ ಕೆಲಸದ ಕಾಗದಗಳನ್ನು ಗಟ್ಟಿಯಾಗಿ ಓದಿದರು. ಇಂಥ ಸಭೆಗೆ ಜನಸುನವಾಯಿ ಅಂತ ಹೆಸರು. ಅಂದರೆ ಜನರ ಮುಂದೆ ವಿಚಾರಣೆ. ಇಂಥ ಸಭೆಗಳಲ್ಲಿ ಕೆಲಸಕ್ಕೆ ಹೋಗದವರ ಹೆಸರು ಹಾಜರಿ ಪಟ್ಟಿಯಿಂದ ಹೊರಗೆ ಬಂತು. ಸತ್ತವರ ಹೆಸರೂ ಬಂತು.

"ನಮ್ಮ ಹೆಸರಿನ ಪಟ್ಟಿ ನಮಗೆ ಯಾಕೆ ತೋರಿಸುವುದಿಲ್ಲ?" ಅಂತ ಜನ ಕೇಳಿದರು. ವರ್ಷಗಟ್ಟಲೆ ಧರಣಿ ಕೂತರು. ಬೇರೆ ರಾಜ್ಯದವರೂ ದನಿ ಕೂಡಿಸಿದರು. 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯ್ದೆ ಬಂತು. ಅದರ ಬೇರು ಇಂಥ ಹಾಜರಿ ಪಟ್ಟಿಯಲ್ಲಿ ಇದೆ.

ಈಗಿನ ಕಾನೂನು ಏನು ಹೇಳುತ್ತದೆ?

ಮೊದಲು ಕೂಲಿಗೆ ಬೇರೆ ಬೇರೆ ಕಾಯ್ದೆ ಇದ್ದವು. 1936ರದು ಒಂದು, 1948ರದು ಒಂದು, 1976ರದು ಒಂದು. ಅವುಗಳ ಜಾಗದಲ್ಲಿ ಈಗ ವೇತನ ಸಂಹಿತೆ ಇದೆ. ಅದನ್ನು 2019ರಲ್ಲಿ ಮಾಡಿದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಮುಖ್ಯ ಮಾತುಗಳು ಇವು.

ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ.

ದಿನಗೂಲಿ ಆದರೆ ಅವತ್ತೇ ಕೊಡಬೇಕು. ವಾರದ ಪಗಾರ ಆದರೆ ವಾರದ ರಜೆಗೆ ಮೊದಲು, ಕೊನೆಯ ಕೆಲಸದ ದಿನ ಕೊಡಬೇಕು. ತಿಂಗಳ ಪಗಾರ ಆದರೆ ಮುಂದಿನ ತಿಂಗಳು 7ನೇ ತಾರೀಖಿನ ಒಳಗೆ ಕೊಡಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನದೊಳಗೆ ಬಾಕಿ ತೀರಿಸಬೇಕು.

ಎಲ್ಲ ಕಡಿತ ಸೇರಿದರೂ ಪಗಾರದ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ.

ಹಾಜರಿ ಮತ್ತು ಪಗಾರದ ಪುಸ್ತಕ ಇಡಬೇಕು. ದುಡಿದವರಿಗೆ ಪಗಾರ ಚೀಟಿ ಕೊಡಬೇಕು.

ಗುತ್ತಿಗೆದಾರರು ಕೊಡದೇ ಹೋದರೆ, ಕೆಲಸ ಯಾರದೋ ಅವರು ಪಗಾರಕ್ಕೆ ಜವಾಬ್ದಾರರು.

50 ಅಥವಾ ಅದಕ್ಕಿಂತ ಹೆಚ್ಚು ಗುತ್ತಿಗೆ ಕೂಲಿಯವರು ಇರುವ ಕಡೆ ಇನ್ನೊಂದು ಕಾನೂನೂ ಇದೆ. ಅಲ್ಲಿ ಗುತ್ತಿಗೆದಾರರು ಪಗಾರವನ್ನು ಬ್ಯಾಂಕಿಗೆ ಹಾಕಬೇಕು. ಎಷ್ಟು ಹಾಕಿದೆ ಅಂತ ಕೆಲಸ ಕೊಟ್ಟ ಇಲಾಖೆಗೆ ತಿಳಿಸಬೇಕು. ಆದ್ದರಿಂದ "ಪಗಾರದ ವರದಿ ಬಂದಿದೆಯಾ?" ಅಂತ ಎಂಜಿನಿಯರರನ್ನು ನೀವು ಕೇಳಬಹುದು.

ಪಗಾರ ಬರದಿದ್ದರೆ

ಮೊದಲು ಜೊತೆಯವರಿಗೆ ಹೇಳಿ. ಮೂರು ನಾಲ್ಕು ಜನ ಕೂಡಿ ಮುಕಾದಮನನ್ನೂ ಗುತ್ತಿಗೆದಾರರನ್ನೂ ಕೇಳಿ. ಕೂಗಾಡುವುದು ಬೇಡ. ನೋಟ್‌ಬುಕ್ ತೋರಿಸಿ.

ಅಲ್ಲಿ ಆಗದಿದ್ದರೆ ಇಲಾಖೆಯ ಎಂಜಿನಿಯರರಿಗೆ ಬರೆದು ಕೊಡಿ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿ ಇಟ್ಟುಕೊಳ್ಳಿ.

ಆಮೇಲೆ ಕಾರ್ಮಿಕ ನಿರೀಕ್ಷಕರ ಕಚೇರಿ. ಪಗಾರದ ದಾವೆಗೆ ಮೂರು ವರ್ಷದ ತನಕ ಸಮಯ ಇದೆ. ಪಗಾರ ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಮಾಲೀಕರದು. ಬಾಕಿಯ ಜೊತೆ ಪರಿಹಾರ ಕೊಡಿಸುವ ಅಧಿಕಾರವೂ ಅಲ್ಲಿ ಇದೆ.

ಹಾಜರಿ ಪಟ್ಟಿ ತೋರಿಸುವುದಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಇಲಾಖೆಗೆ ಅರ್ಜಿ ಹಾಕಿ, ಅವರ ಹತ್ತಿರ ಇರುವ ಪ್ರತಿ ಕೇಳಿ. ಅರ್ಜಿಗೆ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ, ಅರ್ಜಿ ಬರೆಯಲು ಅಲ್ಲಿಯ ಅಧಿಕಾರಿಯೇ ನೆರವು ಕೊಡಬೇಕು. ಕಾಯ್ದೆಯಲ್ಲೇ ಹಾಗೆ ಇದೆ.

ವಕೀಲರು ಬೇಕಾದರೆ ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ನೆರವು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇನ್ನೊಂದು ಲಾಭ

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ವಯಸ್ಸು 18ರಿಂದ 60ರ ಒಳಗೆ ಇರಬೇಕು. ಆ 90 ದಿನಕ್ಕೆ ಪುರಾವೆ ಎಲ್ಲಿಂದ ಬರುತ್ತದೆ? ಹಾಜರಿಯಿಂದಲೇ. ಇವತ್ತು ಬಿಟ್ಟುಹೋದ ಒಂದು ದಿನ ನಾಳೆ 89ಕ್ಕೆ ನಿಲ್ಲಿಸಬಹುದು.

ನೆನಪಿಡೋಣ

ದಿನಾ ಸಂಜೆ ಬರೆಯಿರಿ. ತಾರೀಖು, ಕೆಲಸ, ಎಲ್ಲಿ.
ಓದಿದ ಮೇಲೆ ಸಹಿ.
ಖಾಲಿ ಮನೆಗೆ ಸಹಿ ಇಲ್ಲ.
ಒಬ್ಬರಿಗೆ ಓದಲು ಬಂದರೆ ಪಾಳಿಯವರಿಗೆಲ್ಲ ಓದಿ ಹೇಳಿ.

ಅಭ್ಯಾಸ

1. ಈ ಪದಗಳನ್ನು ಎರಡು ಸಲ ಬರೆಯಿರಿ: ಹಾಜರಿ, ಗೈರು, ದಿನಗೂಲಿ, ಉಚಲು, ಕಡಿತ, ಬಟವಾಡೆ, ಸಹಿ.

2. ಒಬ್ಬ ಅಕ್ಕ 12 ದಿನ ದುಡಿದಳು. ದಿನಗೂಲಿ 500 ರೂಪಾಯಿ. ಉಚಲು 1,000 ರೂಪಾಯಿ. ಕೈಗೆ ಎಷ್ಟು ಬರಬೇಕು?

3. ನಿಮ್ಮ ನೋಟ್‌ಬುಕ್ಕಿನಲ್ಲಿ ಈ ವಾರದ ಹಾಜರಿ ಬರೆದು ಮುಂದಿನ ಪಾಠಕ್ಕೆ ತನ್ನಿ.

4. ಕೂಡಿ ಮಾತಾಡಿ: ದೊಡ್ಡಕ್ಕನಿಗೆ ಕೆಲಸ ಇಲ್ಲ ಅಂದಾಗ ಜೊತೆಯವರು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ನೀವು ಅಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?

ದೊಡ್ಡಕ್ಕನ ಮನೆಗೆ ಈ ಯುಗಾದಿಗೂ ಸುಣ್ಣ ಬಳಿದರು. ಗೋಡೆಯ ಮೇಲೆ ಇದ್ದಿಲಿನ ಗೆರೆ ಇರಲಿಲ್ಲ. ಲೆಕ್ಕ ಸೆರಗಿನಲ್ಲಿ ಇತ್ತು.